ಜಲ್ಲಿ ಹೋದ ಮೇಲೆ

ಬೀದಿಬದಿಯಲ್ಲಿ ಜಲ್ಲಿ ರಾಶಿ ಕಂಡಾಗಲೆಲ್ಲ ಅನ್ನಿಸುತ್ತದೆ: ಇದು ಯಾವ ಗುಡ್ಡದ್ದೋ, ಅಲ್ಲಿ ಈಗೇನಿದೆಯೋ?

ದಿಲ್ಲಿ ಪಕ್ಕದ ಗುರುಗ್ರಾಮದಲ್ಲಿ ಅರಾವಳಿ ಬೆಟ್ಟವನ್ನು ಕಲ್ಲಿಗಾಗಿ ಅಗೆದಿದ್ದರು. ಗಣಿ ನಿಂತ ಮೇಲೆ ಉಳಿದದ್ದು ಗುಂಡಿಗಳು, ಬಳ್ಳಾರಿ ಜಾಲಿ. 2010ರಲ್ಲಿ ಊರಿನ ನಾಗರಿಕರ ಗುಂಪೊಂದು ಅಲ್ಲಿ ಮತ್ತೆ ಕಾಡು ಬೆಳೆಸಲು ಪಾಲಿಕೆಯೊಂದಿಗೆ ಕೈಜೋಡಿಸಿತು. ಅಂದದ ಹೂಗಿಡಗಳನ್ನು ಕೊಂಡು ತರಲಿಲ್ಲ. ಅರಾವಳಿಯಲ್ಲಿ ಉಳಿದ ಕಾಡುಗಳಿಂದಲೇ ಬೀಜ ಆಯ್ದು ಸಸಿ ಬೆಳೆಸಿದರು. ನಮ್ಮ ದಿಂಡಿಗದ ಬಳಗದ ಧೌ, ಪರಿಮಳದ ಅಂಟು ಸುರಿಸುವ ಸಲಾಯಿ. ಬಂಡೆಯ ಸಂದಿಯಲ್ಲೂ ಬೇರೂರುವ ಮರಗಳಿವು. ಶಾಲಾ ಮಕ್ಕಳು, ನೌಕರರು ಬಂದು ನೆಟ್ಟರು. ನೆಡುವುದು ಒಂದು ದಿನದ ಮಾತು; ವರ್ಷವರ್ಷ ಕಾಪಾಡುವುದೇ ದೊಡ್ಡ ಕೆಲಸ. ಅದನ್ನೂ ಬಿಡದೆ ಮಾಡಿದರು. ಆ ಜಾಗವೇ ಈಗ ಅರಾವಳಿ ಜೀವವೈವಿಧ್ಯ ಉದ್ಯಾನ.

ನಿಮ್ಮೂರಲ್ಲೂ ಪಾಳುಬಿದ್ದ ಕಲ್ಲುಕ್ವಾರಿ ಇದ್ದರೆ, ಮಳೆಗಾಲಕ್ಕೆ ಮುಂಚೆ ನಾಲ್ಕು ಜನ ಸೇರಿ ಪಂಚಾಯಿತಿಯವರನ್ನು ಕಂಡು ಮಾತಾಡಿ.