ಹಸಿರು ಮನೆ ಬೇಕಾ? ಮೊದಲು ಜಾಗ ನೋಡಿ, ಆಮೇಲೆ ಗೋಡೆ

ಬಸ್ಸಲ್ಲೋ ರೈಲಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರಿಗೆ ಇವತ್ತು ಮನೆ ವಿಷಯ. ಭಟ್ಕಳ, ಹೊನ್ನಾವರ, ಕುಮಟಾ ಕಡೆ ಇನ್ನು ಐದಾರು ವರ್ಷದಲ್ಲಿ ನೀವೇ ಕಟ್ಟಬಹುದಾದ ಮನೆ.

'ಗ್ರೀನ್ ಬಿಲ್ಡಿಂಗ್' ಅಂದ ಕೂಡಲೇ ನಮಗೆ ನೆನಪಾಗೋದು ಸೋಲಾರ್ ಪ್ಯಾನೆಲ್, ಎಲ್‌ಇಡಿ ಬಲ್ಬು, ಒಂದು ಸರ್ಟಿಫಿಕೇಟು. ಐಜಿಬಿಸಿ, ಗೃಹ ಅಂತ ರೇಟಿಂಗ್ ಕೊಡುವ ವ್ಯವಸ್ಥೆಗಳು ನಮ್ಮ ದೇಶದಲ್ಲೇ ಇವೆ. ಅವು ಬೇಡ ಅಂತಲ್ಲ. ಆದರೆ ನಮ್ಮ ಕರಾವಳಿಯಲ್ಲಿ ಮನೆ ಹಸಿರೋ ಅಲ್ಲವೋ ಅನ್ನೋದು ಅಡಿಪಾಯ ಹಾಕೋ ಮುಂಚೆಯೇ ಅರ್ಧ ತೀರ್ಮಾನ ಆಗಿರುತ್ತೆ. ಎಲ್ಲಿ ಕಟ್ತೀರಿ ಅನ್ನೋದರಲ್ಲಿ.

ನಮ್ಮ ಊರುಗಳ ನಕ್ಷೆ ನೆನಪು ಮಾಡ್ಕೊಳ್ಳಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಘಟ್ಟ, ನಡುವೆ ಸಣ್ಣ ಪಟ್ಟಿ ನೆಲ. ಆ ಪಟ್ಟಿಯಲ್ಲೇ ಹೆದ್ದಾರಿ, ಕೊಂಕಣ ರೈಲು, ಗದ್ದೆ, ತೋಟ, ಪೇಟೆ ಎಲ್ಲವೂ. ಜಾಗ ಸಾಲದಾಗ ನಾವು ಮಾಡೋದು ಎರಡೇ: ಗುಡ್ಡ ಕಡಿಯೋದು, ಇಲ್ಲಾ ಗದ್ದೆ ತುಂಬಿಸೋದು. ಎಷ್ಟೋ ಸಲ ಅಲ್ಲಿ ಕಡಿದ ಮಣ್ಣೇ ಇಲ್ಲಿ ತುಂಬೋದು.

ಮೊದಲು ಗುಡ್ಡ. ಮೇಲೆ ಗಟ್ಟಿ ಚಿರೆಕಲ್ಲಿನ ಪದರ ಇರುತ್ತೆ. ಅದರ ಕೆಳಗೆ ಅನೇಕ ಕಡೆ ಶೇಡಿ ಮಣ್ಣು. ಒಣಗಿದಾಗ ಕಲ್ಲಿನ ಹಾಗೆ ಕಾಣುತ್ತೆ, ನೀರು ಕುಡಿದರೆ ಬಲ ಕಳ್ಕೊಳ್ಳುತ್ತೆ. ಜೆಸಿಬಿ ತಂದು ಧರೆಯನ್ನ ಗೋಡೆ ಥರ ನೆಟ್ಟಗೆ ಕಡಿದರೆ ಆ ಮಣ್ಣು ಮಳೆಗೆ ತೆರೆದುಕೊಳ್ಳುತ್ತೆ. ಬೇಸಿಗೆಯಲ್ಲಿ ಏನೂ ಆಗಲ್ಲ. 2022ರ ಆಗಸ್ಟ್‌ನಲ್ಲಿ ಭಟ್ಕಳದ ಮುಟ್ಟಳ್ಳಿಯಲ್ಲಿ ಭಾರಿ ಮಳೆಗೆ ಗುಡ್ಡ ಮನೆ ಮೇಲೆ ಕುಸಿದು ನಾಲ್ಕು ಜನ ತೀರಿಕೊಂಡರು. 2024ರ ಜುಲೈ 16ರಂದು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿ ಮೇಲೆ ಬಿದ್ದು ಗಂಗಾವಳಿ ನದಿಯವರೆಗೂ ಜಾರಿದ್ದನ್ನ ನಾವೆಲ್ಲ ಮೊಬೈಲಲ್ಲಿ ನೋಡಿದ್ದೇವೆ. ಇಂಥ ಧರೆ ಕೆಳಗೆ ಕಟ್ಟಿದ ಮನೆ ಮೇಲೆ ಎಷ್ಟು ಸೋಲಾರ್ ಇಟ್ಟರೇನು?

ಇನ್ನು ತಗ್ಗು. ಕುಮಟಾದ ಅಘನಾಶಿನಿ ಅಳಿವೆಯ ಆಚೀಚೆ ಗಜನಿ ಭೂಮಿ ಇದೆ. ಉಪ್ಪು ನೀರು, ನೆರೆ ಎರಡನ್ನೂ ತಡ್ಕೊಳ್ಳೋ ಕಗ್ಗ ಭತ್ತ ಬೆಳೆಯೋ ಜಾಗ ಅದು. ಸಿಗಡಿ, ಮೀನು, ಬಳಚು ಎಲ್ಲ ಆ ಅಳಿವೆಯ ಕೊಡುಗೆ. ಈ ಅಳಿವೆ ರಾಮ್‌ಸರ್ ಪಟ್ಟಿಗೆ ಸೇರಿದ ಸುದ್ದಿ 2024ರ ಜನವರಿಯಲ್ಲಿ ಬಂತು. ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಅಂತ ಅರ್ಥ. ಗದ್ದೆ, ಗಜನಿ ಅಂದರೆ ಮಳೆಗಾಲದಲ್ಲಿ ನೀರು ಕೂತು ಹೋಗೋ ಜಗುಲಿ. ಆ ಜಗುಲಿ ಮುಚ್ಚಿದರೆ ನೀರು ಪಕ್ಕದ ಮನೆಯ ಒಳಗೆ ಹೋಗಿ ಕೂರುತ್ತೆ. ನಿಮ್ಮ ಪಾಯ ಮೂರಡಿ ಎತ್ತರ ಆದಾಗ ಪಕ್ಕದ ಮನೆಯ ಅಜ್ಜಿ ಮೂರಡಿ ಕೆಳಗೆ ಹೋದರು ಅಂತಲೇ ಲೆಕ್ಕ.

ನೀರಿನ ಲೆಕ್ಕವನ್ನೇ ಹಾಕೋಣ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಒಂದು ಸಾವಿರ ಚದರ ಅಡಿ ಮಾಡಿನ ಮೇಲೆ ಬೀಳೋದು ಸುಮಾರು 2.8 ಲಕ್ಷ ಲೀಟರ್. ಒಂದು ಪಾಲು ಸೋರಿ ಹೋಯ್ತು ಅಂದ್ಕೊಂಡರೂ 2 ಲಕ್ಷ ಉಳೀತು. ಹಾಗಿದ್ದೂ ಏಪ್ರಿಲ್, ಮೇನಲ್ಲಿ ಟ್ಯಾಂಕರ್‌ಗೆ ಕಾಯ್ತೇವೆ. ಮಾಡಿನ ನೀರನ್ನ ಸೋಸಿ ಬಾವಿಗೆ ಬಿಡೋದು ದುಬಾರಿ ಕೆಲಸ ಅಲ್ಲ. ಹೊಳೆ, ಸಮುದ್ರದ ಹತ್ತಿರದ ಬಾವಿಗಳಲ್ಲಿ ಉಪ್ಪು ಏರದ ಹಾಗೆ ತಡೆಯೋದಕ್ಕೂ ಅದು ಸಹಾಯ. ಆದರೆ ಒಂದು ಎಚ್ಚರಿಕೆ: ಇಳಿಜಾರಿನ ಮನೆಯವರು ಧರೆಯ ತಲೆ ಮೇಲೆ ಇಂಗುಗುಂಡಿ ತೋಡಬಾರದು. ಅಲ್ಲಿ ನೀರು ಇಂಗಿಸಿದರೆ ಗುಡ್ಡವನ್ನೇ ಸಡಿಲ ಮಾಡಿದಂತೆ. ಅಲ್ಲಿ ನೀರಿಗೆ ಗಟಾರದಲ್ಲಿ ದಾರಿ ಮಾಡಿ ಕೆಳಗಿಳಿಸಬೇಕು.

ಜಾಗ ಸರಿ ಇದೆ ಅಂತಾದ ಮೇಲೆ ಗೋಡೆ, ಮಾಡು. ನಮ್ಮ ಹಳೆಯ ಮನೆಗಳದ್ದು ಚಿರೆಕಲ್ಲು. ಕುಮಟಾದ ಮಿರ್ಜಾನ್ ಕೋಟೆಯೂ ಅದೇ ಕಲ್ಲಿನದು, ಶತಮಾನಗಳ ಮಳೆ ಕಂಡಿದೆ. ನೆಲದಲ್ಲಿ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗೋ ಕಲ್ಲು, ಸುಡೋ ಖರ್ಚಿಲ್ಲ. ಮಾಡಿಗೆ ಹೆಂಚು, 1865ರಲ್ಲಿ ಬಾಸೆಲ್ ಮಿಶನ್‌ನವರು ಮಂಗಳೂರಲ್ಲಿ ಕಾರ್ಖಾನೆ ತೆರೆದ ಮೇಲೆ ಅದು ಕರಾವಳಿಯ ಗುರುತೇ ಆಯ್ತು. ನಮ್ಮಲ್ಲಿ ಬಿಸಿಲಿಗಿಂತ ಸೆಕೆ ಹೆಚ್ಚು, ಹಾಗಾಗಿ ಗಾಳಿ ಆಡಬೇಕು. ಹೆಂಚಿನ ಸಂದಿಯಲ್ಲಿ ಬಿಸಿ ಗಾಳಿ ಮೇಲೆ ಹೋಗುತ್ತೆ. ಆರ್‌ಸಿಸಿ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಅದನ್ನ ನಮ್ಮ ಮೇಲೆ ಬಿಡುತ್ತೆ. ಮಳೆಗಾಲದಲ್ಲಿ ಸೋರುತ್ತೆ ಅಂತ ಅದರ ಮೇಲೆ ಮತ್ತೆ ತಗಡಿನ ಶೀಟು ಹಾಕಿಸ್ತೇವೆ. ಅಂದರೆ ಒಂದು ಮನೆಗೆ ಎರಡು ಮಾಡಿನ ಖರ್ಚು. ಪ್ರಪಂಚದ ಇಂಗಾಲದ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟ್ ಪಾಲು ಸುಮಾರು ಶೇ 7-8 ಅನ್ನೋದನ್ನೂ ಇದಕ್ಕೆ ಸೇರಿಸ್ಕೊಳ್ಳಿ.

ಹಾಗಂತ ಚಿರೆಕಲ್ಲೂ ಪೂರ್ತಿ ಹಸಿರೇನಲ್ಲ. ಕಲ್ಲು ತೆಗೆದ ಕ್ವಾರಿ ಹೊಂಡಗಳನ್ನ ಹಾಗೇ ಬಿಟ್ಟು ಹೋದರೆ ಅದೂ ಗಾಯವೇ. ಅದಕ್ಕೇ ನಾನು ಹೇಳೋದು, ಅಜ್ಜನ ಮನೆ ಕೆಡವುವಾಗ ಒಂದು ದಿನ ನಿಧಾನ ಮಾಡಿ. ಮಣ್ಣಿನ ಗಾರೆಯ ಗೋಡೆ ಬಿಚ್ಚಿದರೆ ಕಲ್ಲು ಇಡಿಯಾಗಿ ಸಿಗುತ್ತೆ. ಹೆಂಚು, ಹಲಸಿನ ಮರದ ಬಾಗಿಲು, ಪಕಾಸಿ ಕೂಡ. ಅವುಗಳಷ್ಟು ಹಸಿರು ಸಾಮಾನು ಯಾವ ಅಂಗಡಿಯಲ್ಲೂ ಸಿಗಲ್ಲ.

ಇದು ಒಬ್ಬೊಬ್ಬರ ಮನೆಯ ಮಾತು ಮಾತ್ರ ಅಲ್ಲ. ನೀರು ಸರ್ವೆ ನಂಬರ್ ನೋಡಿ ಹರಿಯಲ್ಲ. ಮುಂದಿನ ಗ್ರಾಮಸಭೆಗೆ ಹೋಗಿ ಮೂರು ಪ್ರಶ್ನೆ ಕೇಳಿ. ನಮ್ಮೂರಿನ ಹಳೆಯ ತೋಡುಗಳು ಎಲ್ಲೆಲ್ಲಿದ್ದವು? ಅವುಗಳಲ್ಲಿ ಯಾವುದು ಮುಚ್ಚಿದೆ? ಯಾವ ಧರೆ ಕೆಳಗೆ ಮನೆಗಳಿವೆ? ಉತ್ತರ ಊರಿನ ಹಿರಿಯರ ಹತ್ತಿರ ಇರುತ್ತೆ, ಕೇಳಿ ಬರೆಸೋ ಕೆಲಸ ನಮ್ಮದು.

ಇನ್ನು ಸೈಟ್ ತಗೊಳ್ಳೋ ಯೋಚನೆ ಇರೋರಿಗೆ ಒಂದೇ ಮಾತು. ಮೇ ತಿಂಗಳಲ್ಲಿ ನೋಡಿ ಅಡ್ವಾನ್ಸ್ ಕೊಡಬೇಡಿ. ಜುಲೈನಲ್ಲಿ, ಎರಡು ದಿನ ಬಿಡದೆ ಮಳೆ ಬಂದ ಮೇಲೆ, ಕೊಡೆ ಹಿಡ್ಕೊಂಡು ಹೋಗಿ ನೋಡಿ. ನೀರು ಎಲ್ಲಿಂದ ಬರುತ್ತೆ, ಎಲ್ಲಿ ನಿಲ್ಲುತ್ತೆ ಅಂತ ಆ ಜಾಗವೇ ತೋರಿಸುತ್ತೆ.