ಹತ್ತು ಶಾಲೆ, ಐದೇ ಟೀಚರ್: ಯಾರಿಗೆ ಕೊಡ್ತೀರಿ?

ಇವತ್ತು ಒಂದು ಲೆಕ್ಕದಿಂದ ಶುರು ಮಾಡೋಣ. ಅಕ್ಕಪಕ್ಕ ಹತ್ತು ಸರ್ಕಾರಿ ಶಾಲೆಗಳಿವೆ ಅಂದುಕೊಳ್ಳಿ. ಹತ್ತರಲ್ಲೂ ಓದೋಕೆ ತಡವರಿಸೋ ಮಕ್ಕಳಿದ್ದಾರೆ. ಆದರೆ ಪರಿಹಾರ ಬೋಧನೆಗೆ ಅಂತ ದುಡ್ಡಿರೋದು ಐದೇ ಟೀಚರ್‌ಗಳಿಗೆ. ಯಾವ ಐದು ಶಾಲೆಗೆ ಕೊಡ್ತೀರಿ?

ಇದು ಚಿಕ್ಕ ಸಮಸ್ಯೆ ಅಲ್ಲ. 2024ರ ಅಸರ್ ಸಮೀಕ್ಷೆ ಪ್ರಕಾರ, ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ 5ನೇ ತರಗತಿ ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು ಶೇ 44.8 ಮಾತ್ರ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಸಮಾಜ, ವಿಜ್ಞಾನದ ಪುಸ್ತಕ ಮುಂದಿಟ್ಟುಕೊಂಡು ಸುಮ್ಮನೆ ಕೂತಿರ್ತಾರೆ.

ನಾನು ಬಿ.ಕಾಂ. ಮಾಡಿದೋಳು. ದುಡ್ಡು ಕಡಿಮೆ ಇದ್ದಾಗ ಮೊದಲು ಕೇಳೋ ಪ್ರಶ್ನೆ, ಯಾವ ಆಧಾರದ ಮೇಲೆ ಹಂಚ್ತೀರಿ ಅನ್ನೋದು. ನಮ್ಮಲ್ಲಿ ಆಧಾರ ಅಂದ್ರೆ ತಲೆಯೆಣಿಕೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ 1ರಿಂದ 5ನೇ ತರಗತಿವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು ಇರಬೇಕು. ಮಾಮೂಲಿ ಹುದ್ದೆಗೆ ಸರಿ. ಆದರೆ ಆ 60ರಲ್ಲಿ ಓದೋಕೆ ಬಾರದವರು ಹತ್ತು ಜನವೋ ನಲವತ್ತು ಜನವೋ ಅಂತ ತಲೆಯೆಣಿಕೆ ಹೇಳಲ್ಲ. ಪರಿಹಾರ ಬೋಧನೆಗೆ ಬೇಕಾಗಿರೋದು ಆ ಎರಡನೇ ಸಂಖ್ಯೆ.

ಇದಕ್ಕೆ ಉತ್ತರ ಹುಡುಕೋಕೆ ಮುಂಬೈ ಮತ್ತು ವಡೋದರಕ್ಕೆ ಹೋಗೋಣ. ಅಲ್ಲಿನ ಪಾಲಿಕೆ ಶಾಲೆಗಳಲ್ಲಿ ‘ಪ್ರಥಮ್’ ಸಂಸ್ಥೆ ಬಾಲಸಖಿ ಅನ್ನೋ ಕಾರ್ಯಕ್ರಮ ನಡೆಸ್ತಿತ್ತು. ಬಾಲಸಖಿ ಅಂದ್ರೆ ಅದೇ ಬಡಾವಣೆಯ ಹೆಣ್ಣುಮಗಳು, ಸಾಮಾನ್ಯವಾಗಿ ಹೈಸ್ಕೂಲ್ ಮುಗಿಸಿದವಳು. ತರಬೇತಿ ಎರಡು ವಾರ. ಸಂಬಳ ಆಗಿನ ಕಾಲಕ್ಕೆ ತಿಂಗಳಿಗೆ 500ರಿಂದ 750 ರೂಪಾಯಿ. (ಇಷ್ಟು ಕಡಿಮೆ ಸಂಬಳಕ್ಕೆ ಹೆಣ್ಣುಮಕ್ಕಳನ್ನ ದುಡಿಸೋದು ಸರೀನಾ ಅನ್ನೋದು ಬೇರೆಯೇ ಎಪಿಸೋಡ್. ನನ್ನ ಪ್ರಕಾರ ಸರಿಯಲ್ಲ.) ಕಲಿಕೆಯಲ್ಲಿ ಹಿಂದೆ ಬಿದ್ದ 15-20 ಮಕ್ಕಳನ್ನ ದಿನಕ್ಕೆ ಎರಡು ಗಂಟೆ ಕ್ಲಾಸಿಂದ ಹೊರಗೆ ಕರ್ಕೊಂಡು ಹೋಗಿ, ಅವರು ಎಲ್ಲಿದ್ದಾರೋ ಅಲ್ಲಿಂದ ಓದು, ಲೆಕ್ಕ ಹೇಳಿಕೊಡೋದು ಇವಳ ಕೆಲಸ.

2001ರಿಂದ 2003ರವರೆಗೆ ಇದನ್ನ ಅಧ್ಯಯನ ಮಾಡಿದವರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಇದ್ದರು, 2019ರಲ್ಲಿ ನೊಬೆಲ್ ಬಂತಲ್ಲ, ಅವರೇ. ವಡೋದರದಲ್ಲಿ ಹಂಚಿದ ರೀತಿ ನನಗೆ ತುಂಬಾ ಇಷ್ಟ ಆಯ್ತು. ಅಧ್ಯಯನದ ಅರ್ಧ ಶಾಲೆಗಳಿಗೆ 3ನೇ ತರಗತಿಗೆ ಬಾಲಸಖಿ, ಇನ್ನರ್ಧಕ್ಕೆ 4ನೇ ತರಗತಿಗೆ. ಮುಂದಿನ ವರ್ಷ ಅದಲುಬದಲು. ಯಾವ ಹೆಡ್‌ಮಾಸ್ಟರೂ ‘ನಮಗೆ ಕೊಟ್ಟಿಲ್ಲ’ ಅನ್ನೋ ಹಾಗಿಲ್ಲ, ಹೋಲಿಕೆ ಮಾಡೋಕೂ ಆಯ್ತು.

ಮಕ್ಕಳ ಅಂಕ ಮೊದಲ ವರ್ಷವೇ ಏರಿತು, ಎರಡನೇ ವರ್ಷದ ಏರಿಕೆ ಅದರ ದುಪ್ಪಟ್ಟು. ಆದರೆ ಲಾಭ ಆಗಿದ್ದು ಬಾಲಸಖಿ ಹತ್ರ ಹೋದ ಮಕ್ಕಳಿಗೆ. 15-20 ಮಕ್ಕಳು ಎದ್ದು ಹೋಗಿ ಕ್ಲಾಸ್ ಖಾಲಿಯಾಯ್ತಲ್ಲ, ಅಲ್ಲೇ ಉಳಿದವರಿಗೆ ಲಾಭ ಕಾಣಲಿಲ್ಲ. ಅದೇ ಮೇಷ್ಟ್ರು, ಅದೇ ಪಾಠ, ತಲೆ ಮಾತ್ರ ಕಡಿಮೆ. ಸುಮ್ಮನೆ ಕ್ಲಾಸ್ ಚಿಕ್ಕದು ಮಾಡಿದ್ರೆ ಸಾಲದು ಅಂತಾಯ್ತು. ಇನ್ನೊಂದು ವಿಷಯ, ಕಾರ್ಯಕ್ರಮ ನಿಂತು ಒಂದು ವರ್ಷಕ್ಕೆ ಆ ಲಾಭದಲ್ಲಿ ತುಂಬಾ ಕರಗಿತ್ತು. ಒಂದು ಸಲ ಕೊಟ್ಟು ಕೈ ತೊಳ್ಕೊಳ್ಳೋ ಹಾಗಿಲ್ಲ.

ಶಾಲೆ ಹೊರಗೆ ಮಾಡಿದ್ರೆ? ಉತ್ತರ ಪ್ರದೇಶದ ಜೌನ್‌ಪುರದಲ್ಲಿ ಊರಿನ ಸ್ವಯಂಸೇವಕರು ಓದಿಸೋ ತರಗತಿ ನಡೆಸಿದರು. ಬಂದ ಮಕ್ಕಳು ಚೆನ್ನಾಗಿ ಕಲಿತರು. ಅಕ್ಷರವೇ ಗೊತ್ತಿಲ್ಲದ ಮಕ್ಕಳಲ್ಲಿ ಬಂದವರು ಮಾತ್ರ ಶೇ 13.

ಶಾಲೆ ಒಳಗೇ ಕಳಿಸಿದ್ರೆ? ಉತ್ತರಾಖಂಡದಲ್ಲಿ ಹಾಗೇ ಕಳಿಸಿದರು. ಸ್ವಯಂಸೇವಕರನ್ನ ಶಾಲೆಯವರು ಮಾಮೂಲಿ ಟೀಚರ್ ಥರ ಬಳಸ್ಕೊಂಡರು, ಮಕ್ಕಳ ಕಲಿಕೆ ಅಲ್ಲಾಡಲಿಲ್ಲ. ಬಿಹಾರದಲ್ಲಿ ಸ್ವಯಂಸೇವಕರು ಶಾಲಾ ಅವಧಿಯ ಆಚೆ ಆ ಮಕ್ಕಳಿಗೇ ಅಂತ ಪಾಠ ಮಾಡಿದ ಕಡೆ ಫಲ ಸಿಕ್ಕಿತು.

ಉತ್ತರಾಖಂಡದ ಕಥೆ ಕೇಳಿದಾಗ ನನಗೆ ನಮ್ಮ ಊರುಗಳೇ ಕಣ್ಮುಂದೆ ಬಂದವು. ಇಲ್ಲಿ ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರನ್ನ ತಗೋತಾರೆ. ಇಬ್ಬರೇ ಮೇಷ್ಟ್ರಿರೋ ಶಾಲೆಗೆ ಪರಿಹಾರ ಬೋಧನೆಗೆ ಅಂತ ಒಬ್ಬರು ಬಂದ್ರು ಅಂದುಕೊಳ್ಳಿ. ಒಬ್ಬ ಮೇಷ್ಟ್ರು ಮೀಟಿಂಗ್‌ಗೆ ಹೋಗಿರ್ತಾರೆ, ಇನ್ನೊಬ್ಬರು ಬಿಸಿಯೂಟದ ಲೆಕ್ಕ ಬರೀತಿರ್ತಾರೆ. ‘ಸ್ವಲ್ಪ 4ನೇ ಕ್ಲಾಸ್ ನೋಡ್ಕೊಳ್ಳಮ್ಮ’ ಅಂತಾರೆ. ಆ ‘ಸ್ವಲ್ಪ’ ಮಾರ್ಚ್‌ವರೆಗೂ ನಡೆಯುತ್ತೆ. ಹೆಡ್‌ಮಾಸ್ಟರ್‌ನ ಬೈಯೋ ಹಾಗೂ ಇಲ್ಲ, ಅವರಿಗೆ ಬೇರೆ ದಾರಿ ಇಲ್ಲ. ಹಾಗಾಗಿ ಖಾಲಿ ಹುದ್ದೆ ತುಂಬದ ಶಾಲೆಗೆ ಪರಿಹಾರ ಬೋಧಕರನ್ನ ಕಳಿಸೋದು ಕಾಗದದ ಮೇಲೆ ನ್ಯಾಯ ಅನ್ನಿಸಬಹುದು, ಆದರೆ ಆ ದುಡ್ಡು ಬೇರೆ ಖಾತೆಗೆ ಹೋಗುತ್ತೆ. ಅಂಥ ಶಾಲೆಗೆ ಮೊದಲು ಟೀಚರ್ ಕೊಡಬೇಕು.

ಕೆಲವು ಕಡೆ ಹೊಸಬರೂ ಬೇಡ, ಸಮಯ ಸಾಕು. ‘ಓದು ಕರ್ನಾಟಕ’ದಲ್ಲಿ 4 ಮತ್ತು 5ನೇ ತರಗತಿ ಮಕ್ಕಳನ್ನ ಓದೋ ಮಟ್ಟದ ಪ್ರಕಾರ ಗುಂಪು ಮಾಡಿ, ಶಾಲೆಯ ಶಿಕ್ಷಕರೇ ಕಲಿಸೋ ವ್ಯವಸ್ಥೆ ಇತ್ತು. ಇದಕ್ಕೆ ಬೇಕಾಗೋದು ಟೈಮ್‌ಟೇಬಲ್‌ನಲ್ಲಿ ಯಾರೂ ಮುಟ್ಟದ ಒಂದು ಪೀರಿಯಡ್.

ಈಗ ನಮ್ಮ ಐದು ಜನಕ್ಕೆ ಬನ್ನಿ. ಮೊದಲು ಹತ್ತೂ ಶಾಲೆಯಲ್ಲಿ ಓದೋಕೆ ಬಾರದ ಮಕ್ಕಳನ್ನ ಎಣಿಸ್ತೀನಿ, ಒಂದು ಪ್ಯಾರಾ ಓದಿಸಿದ್ರೆ ಗೊತ್ತಾಗುತ್ತೆ. ಒಂದು ಗುಂಪಿಗೆ ದಿನಕ್ಕೆ ಎರಡು ಗಂಟೆ ಸಾಕಾದ್ರೆ, ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಇನ್ನೊಂದು. ಐದು ಜನಕ್ಕೆ ಹತ್ತು ಗುಂಪು. ಆದರೆ ಮಲೆನಾಡಲ್ಲಿ ದಿನಕ್ಕೆ ಒಂದೇ ಬಸ್ಸು ಬರೋ ಊರಿದ್ರೆ ಈ ಲೆಕ್ಕ ಅಲ್ಲೇ ನಿಲ್ಲುತ್ತೆ. ಅಂಥ ಕಡೆ ಒಬ್ಬರು ಒಂದೇ ಶಾಲೆಗೆ, ಮಕ್ಕಳು ಕಡಿಮೆ ಇದ್ರೂ ಪರವಾಗಿಲ್ಲ. ಓಡಾಟದ ಖರ್ಚು ಬಜೆಟ್‌ನಲ್ಲಿ ಬೇರೆಯಾಗೇ ಇಡಬೇಕು.

ನಿಮ್ಮ ತಮ್ಮನೋ ತಂಗಿನೋ ಸರ್ಕಾರಿ ಶಾಲೆಯಲ್ಲಿದ್ರೆ, ಮುಂದಿನ ಎಸ್‌ಡಿಎಂಸಿ ಸಭೆಗೆ ಅಪ್ಪ-ಅಮ್ಮನ ಜೊತೆ ಹೋಗಿ. ಓದೋಕೆ ಬಾರದ ಮಕ್ಕಳು ಎಷ್ಟು ಜನ, ಅವರಿಗೇ ಅಂತ ಇಟ್ಟ ಪೀರಿಯಡ್ ಯಾವುದು ಅಂತ ಕೇಳಿ. ಸಿಕ್ಕ ಉತ್ತರನ ನಮಗೆ ವಾಯ್ಸ್ ನೋಟ್ ಮಾಡಿ ಕಳಿಸಿ, ಶಾಲೆ ಹೆಸರು ಬೇಡ.