ನ್ಯಾಯಾಧೀಶನಿಗೆ ಮತಪೆಟ್ಟಿಗೆ ಬೇಕೆ?

ಪೌರನೀತಿ ನನ್ನ ವಿಷಯವಲ್ಲ. ನಾನು ಕನ್ನಡ ಕಲಿಸುವವನು. ಆದರೆ ನಮ್ಮ ಭಂಕೂರಿನ ಕಡೆಯ ಶಾಲೆಗಳಲ್ಲಿ ಒಬ್ಬ ಮೇಷ್ಟ್ರು ಬಾರದ ದಿನ ಇನ್ನೊಬ್ಬರು ಆ ತರಗತಿಯನ್ನು ನೋಡಿಕೊಳ್ಳುವುದು ವಾಡಿಕೆ. ಅಂಥದೊಂದು ದಿನ ಗ್ರಾಮ ಪಂಚಾಯಿತಿ ಚುನಾವಣೆಯ ಮಾತು ಬಂದಾಗ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಪಂಚಾಯ್ತಿ ಮೆಂಬರನ್ನ ಪಾರ್ಟಿ ಇಲ್ದ ಆರಸ್ತೀವಿ. ಹಂಗ ಹೈಕೋರ್ಟ್ ಜಡ್ಜ್ ಸಾಹೇಬ್ರನ್ನ ಯಾಕ ಆರಸಬಾರದ್ರಿ?"

ನಕ್ಕು ಬಿಡುವ ಪ್ರಶ್ನೆ ಅದಲ್ಲ. ಅಮೆರಿಕದ ಮಿನ್ನೆಸೋಟ, ವಾಷಿಂಗ್ಟನ್, ವಿಸ್ಕಾನ್ಸಿನ್ ಮೊದಲಾದ ರಾಜ್ಯಗಳಲ್ಲಿ ಅಪೀಲು ನ್ಯಾಯಾಲಯದ ನ್ಯಾಯಾಧೀಶರನ್ನು ಜನರೇ ಆರಿಸುತ್ತಾರೆ. ಅವಧಿ 6 ವರ್ಷ; ಮತಪತ್ರದಲ್ಲಿ ಅಭ್ಯರ್ಥಿಯ ಹೆಸರಿನ ಮುಂದೆ ಪಕ್ಷದ ಹೆಸರು ಇರುವುದಿಲ್ಲ. ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ, ಅಲ್ಲವೆ?

ಪಕ್ಷವಿಲ್ಲದ ಚುನಾವಣೆ ಎಂದರೇನು ಎಂಬುದನ್ನು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. 1993ರ ಪಂಚಾಯತ್ ರಾಜ್ ಕಾಯಿದೆಯಂತೆ ನಮ್ಮ ಗ್ರಾಮ ಪಂಚಾಯಿತಿಗಳಿಗೆ ಪಕ್ಷದ ಚಿಹ್ನೆಯಿಲ್ಲ. ಆದರೂ ಯಾರ ಹಿಂದೆ ಯಾವ ಪಕ್ಷವಿದೆ ಎಂಬುದು ಕಟ್ಟೆಯ ಮೇಲೆ ಕುಳಿತ ಮುದುಕರಿಗೂ ಗೊತ್ತು. ಪಕ್ಷ ಮರೆಯಾದಲ್ಲಿ ಓಣಿ, ಜಾತಿ, ಹಣ ಮುಂದೆ ಬರುತ್ತವೆ. 2020ರ ಚುನಾವಣೆಯ ಹೊತ್ತಿಗೆ ಕೆಲವೆಡೆ ಸದಸ್ಯ ಸ್ಥಾನಗಳನ್ನೇ ಹರಾಜು ಹಾಕಿದ ಸುದ್ದಿ ಬಂದು, ರಾಜ್ಯ ಚುನಾವಣಾ ಆಯೋಗವು ಎಚ್ಚರಿಕೆ ಕೊಡಬೇಕಾಯಿತು. ಚರಂಡಿ, ಬೀದಿದೀಪಗಳ ಮಟ್ಟಿಗೆ ಇದನ್ನು ಹೇಗೋ ಸಹಿಸಿಕೊಂಡೇವು. ಹೊಲದ ಬದುವಿನ ವ್ಯಾಜ್ಯಕ್ಕೆ?

ಈ ಮಾತು ನನಗೆ ಸ್ವಲ್ಪ ಹತ್ತಿರದ್ದು. ನನ್ನ ಸೋದರಮಾವನ ಹೊಲದ ಮೊಕದ್ದಮೆ ಕೆಳಗಿನ ಕೋರ್ಟುಗಳಲ್ಲಿ ಸೋತು ಬೆಂಗಳೂರಿನವರೆಗೆ ಹೋಯಿತು. ಆಗ ಕಲಬುರಗಿಯಲ್ಲಿ ಹೈಕೋರ್ಟಿನ ಪೀಠವಿರಲಿಲ್ಲ. ಸಂಚಾರಿ ಪೀಠ ಬಂದುದು 2008ರಲ್ಲಿ, ಅದು ಕಾಯಂ ಆದುದು 2013ರಲ್ಲಿ. ಮಾವ ರೊಟ್ಟಿಯ ಗಂಟು ಕಟ್ಟಿಕೊಂಡು ರಾತ್ರಿಯ ರೈಲು ಹತ್ತುತ್ತಿದ್ದ. ಊರಲ್ಲಿ ನಮ್ಮದು ಒಂದೇ ಮನೆ. ಎದುರಾಳಿಗಳದು ಒಂದು ಓಣಿ. ಅವನ ಕಾಗದಪತ್ರ ಓದಿದ ನ್ಯಾಯಾಧೀಶರಿಗೆ ಈ ಲೆಕ್ಕ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಕಾರಣವೂ ಇರಲಿಲ್ಲ. ಅರ್ಧ ಹೊಲ ಉಳಿಯಿತು. ಅದೇ ನ್ಯಾಯಾಧೀಶರು ಮುಂದಿನ ವರ್ಷ ನಮ್ಮ ಜಿಲ್ಲೆಯಲ್ಲಿ ಮತ ಕೇಳಬೇಕಾಗಿದ್ದರೆ ಏನಾಗುತ್ತಿತ್ತೆಂದು ನೀವೇ ಊಹಿಸಿ.

ಭಂಕೂರಿಗೆ ಹತ್ತಿರದಲ್ಲೇ ಮರತೂರು ಇದೆ. 'ಮಿತಾಕ್ಷರ'ವನ್ನು ಬರೆದ ವಿಜ್ಞಾನೇಶ್ವರನ ಊರು ಅದೇ ಎಂದು ಈ ಭಾಗದ ಜನ ನಂಬಿದ್ದಾರೆ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು ಅವನು ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ ಬರೆದನು. ಆ ಸ್ಮೃತಿಯಲ್ಲಿ ಅಪೀಲಿನ ಮಾತೂ ಉಂಟು: ಬಂಧುಗಳ ಕುಲ, ಅದರ ಮೇಲೆ ಕಸುಬಿನವರ ಶ್ರೇಣಿ, ಅದರ ಮೇಲೆ ಊರವರ ಪೂಗ, ಎಲ್ಲಕ್ಕೂ ಮೇಲೆ ರಾಜನು ನೇಮಿಸಿದ ಸಭೆ. ಕೆಳಗೆ ತೃಪ್ತಿಯಾಗದವನು ಮೇಲಕ್ಕೆ ಹೋಗಬಹುದು. ಸಭಾಸದನು ಶಾಸ್ತ್ರ ಬಲ್ಲವನೂ ಸತ್ಯವಾದಿಯೂ ಶತ್ರುಮಿತ್ರರಲ್ಲಿ ಸಮನೂ ಆಗಿರಬೇಕು. ರಾಗದಿಂದಲೋ ಲೋಭದಿಂದಲೋ ಭಯದಿಂದಲೋ ತಪ್ಪು ತೀರ್ಪು ಕೊಟ್ಟರೆ, ವ್ಯಾಜ್ಯದಲ್ಲಿ ಸೋತವನಿಗೆ ವಿಧಿಸುವ ದಂಡದ ಎರಡರಷ್ಟು ದಂಡ. ಅದೂ ಒಬ್ಬೊಬ್ಬನಿಗೂ ಬೇರೆ ಬೇರೆಯಾಗಿ! ಆ ಕಾಲದ ವರ್ಣಭೇದವನ್ನು ನಾನು ಹೊಗಳುತ್ತಿಲ್ಲ. ಆದರೆ ಈ ಮೂರು ಶಬ್ದಗಳನ್ನು ಆರಿಸಿದವನು ಮನುಷ್ಯನನ್ನು ಬಲ್ಲವನು.

ಲೋಭ, ರಾಗಗಳು ಮತಪೆಟ್ಟಿಗೆಯ ಮೂಲಕ ಹೇಗೆ ಒಳಗೆ ಬರುತ್ತವೆ ಎಂಬುದಕ್ಕೆ ವೆಸ್ಟ್ ವರ್ಜೀನಿಯಾ ರಾಜ್ಯದ ಕಥೆ ಸಾಕು. ನಮ್ಮ ಕಡೆ ಸುಣ್ಣದ ಕಲ್ಲಿನಂತೆ ಅಲ್ಲಿ ಕಲ್ಲಿದ್ದಲು. 2004ರಲ್ಲಿ ಗಣಿ ಕಂಪನಿಯೊಂದರ ಮುಖ್ಯಸ್ಥನು ಅಲ್ಲಿನ ಅತ್ಯುಚ್ಚ ಅಪೀಲು ನ್ಯಾಯಾಲಯದ ಅಭ್ಯರ್ಥಿಯೊಬ್ಬನ ಪರವಾಗಿ ಸುಮಾರು 30 ಲಕ್ಷ ಡಾಲರ್ ಚೆಲ್ಲಿದನು. ಅಭ್ಯರ್ಥಿ ಗೆದ್ದನು. ಅದೇ ಕಂಪನಿ 5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂಬ ತೀರ್ಪಿನ ಮೇಲಿನ ಅಪೀಲು ಅವನ ಮುಂದೆಯೇ ಬಂತು. ಅವನು ಹಿಂದೆ ಸರಿಯಲಿಲ್ಲ. ಕಂಪನಿ 3-2ರಿಂದ ಗೆದ್ದಿತು. ಅವನು ಸರಿಯಬೇಕಾಗಿತ್ತೆಂದು ಅಮೆರಿಕದ ಸುಪ್ರೀಂ ಕೋರ್ಟು 2009ರಲ್ಲಿ ಹೇಳಿತು, ಅದೂ 5-4ರ ಅಂತರದಲ್ಲಿ. ಮುಂದೆ 2015ರಲ್ಲಿ ಆ ರಾಜ್ಯವು ನ್ಯಾಯಾಧೀಶರ ಚುನಾವಣೆಯಿಂದ ಪಕ್ಷದ ಹೆಸರನ್ನು ತೆಗೆಯಿತು. ಆದರೆ ಆ ಹಣ ಹರಿದದ್ದು ಪಕ್ಷದ ಹೆಸರಿನಿಂದಲೇ ಏನು?

ಹಾಗೆಂದು ನಮ್ಮ ಪದ್ಧತಿ ನಿರ್ದೋಷವೆನ್ನಲಾರೆ. ಹೈಕೋರ್ಟಿನ ನ್ಯಾಯಾಧೀಶರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. 62ನೆಯ ವಯಸ್ಸಿನವರೆಗೆ ಅವರು ಯಾರ ಮತವನ್ನೂ ಬೇಡಬೇಕಾಗಿಲ್ಲ. ಭಯಕ್ಕೆ ಇದು ಒಳ್ಳೆಯ ಮದ್ದು. ಆದರೆ ಹೆಸರು ಸೂಚಿಸುವವರು ಯಾರು? 1993ರ ತೀರ್ಪಿನಿಂದ ಹಿರಿಯ ನ್ಯಾಯಾಧೀಶರ ಕೊಲಿಜಿಯಂ. ಅದನ್ನು ಬದಲಿಸಿ ಆಯೋಗವೊಂದನ್ನು ತರಲು ಸಂಸತ್ತು ಮಾಡಿದ ತಿದ್ದುಪಡಿಯನ್ನು ಸುಪ್ರೀಂ ಕೋರ್ಟು 2015ರಲ್ಲಿ ಅನೂರ್ಜಿತಗೊಳಿಸಿತು. ನ್ಯಾಯಾಧೀಶರೂ ಮನುಷ್ಯರೇ, ಅವರಿಗೂ ದೌರ್ಬಲ್ಯಗಳುಂಟು ಎಂದು ಡಾ. ಅಂಬೇಡ್ಕರರು 1949ರಲ್ಲಿಯೇ ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದರು. ಕದ ಹಾಕಿಕೊಂಡ ಕೋಣೆಯಲ್ಲಿಯೂ ರಾಗ ಹುಟ್ಟಬಹುದು. 2017ರಲ್ಲಿ ಕೊಲಿಜಿಯಂ ತನ್ನ ನಿರ್ಣಯಗಳನ್ನು ಪ್ರಕಟಿಸತೊಡಗಿದಾಗ ನನಗೆ ಸಂತೋಷವಾಯಿತು. ಒಬ್ಬರನ್ನು ಏಕೆ ಆರಿಸಿದರು, ಇನ್ನೊಬ್ಬರನ್ನು ಏಕೆ ಬಿಟ್ಟರು ಎಂಬ ಕಾರಣಗಳು ಪ್ರತಿ ಸಲವೂ, ಕನ್ನಡ ಬಲ್ಲವನಿಗೂ ಓದಲು ಸಿಗುವಂತೆ ಬರಬೇಕೆಂಬುದು ನನ್ನ ಆಸೆ.

ಇಷ್ಟನ್ನೆಲ್ಲ ಹುಡುಗಿಗೆ ಹೇಳಿದೆ. ಅವಳು ಸುಮ್ಮನೆ ಕೂರಲಿಲ್ಲ. "ಹಂಗಾದ್ರ ಆ ಎರಡು ಪಟ್ಟು ದಂಡ ಈಗ ಯಾಕ ಇಲ್ರಿ ಸರ್?" ಎಂದಳು. ಪೌರನೀತಿಯ ಮೇಷ್ಟ್ರು ಮರುದಿನ ಬರುತ್ತಾರೆ, ಅವರನ್ನೇ ಕೇಳು ಎಂದೆ.